ಬ್ಯಾಕ್‌ಸ್ಪೇಸ್ ಎಲ್ಲೆಡೆ ಅಳಿಸಲಿ

ಲಿನಕ್ಸ್ ಟರ್ಮಿನಲ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಬ್ಯಾಶ್ ಹಿಂದಿನ ಅಕ್ಷರವನ್ನು ಅಳಿಸುತ್ತದೆ. ಅದೇ ವಿಂಡೋದಲ್ಲಿ ಕ್ಯಾಟ್ ಓಡಿಸಿ ಒತ್ತಿದರೆ ಏನೂ ಅಳಿಯದೆ ಕ್ಯಾರೆಟ್ ಚಿಹ್ನೆಯೂ ಎಚ್ ಅಕ್ಷರವೂ ಮೂಡುತ್ತವೆ. ಈಮ್ಯಾಕ್ಸ್ ತೆರೆದು ಒತ್ತಿದರೆ ಅದು ಸಹಾಯ ಬೇಕೇ ಎಂದು ಕೇಳುತ್ತದೆ. ಕೀಲಿಮಣೆ ಸರಿಯಾಗಿಯೇ ಇದೆ. ಟರ್ಮಿನಲ್ ಕಳಿಸುವ ಸಂಖ್ಯೆಗೂ ಉಳಿದವು ಕಾಯುತ್ತಿರುವ ಸಂಖ್ಯೆಗೂ ತಾಳೆಯಾಗುತ್ತಿಲ್ಲ, ಅಷ್ಟೆ.

ಟರ್ಮಿನಲ್‌ನೊಳಗಿನ ಪ್ರೋಗ್ರಾಮ್‌ಗೆ ಕೀಲಿ ಕಾಣುವುದಿಲ್ಲ, ಬೈಟುಗಳು ಮಾತ್ರ ಸಿಗುತ್ತವೆ. ಅಳಿಸುವ ಕೆಲಸಕ್ಕೆ ಆಸ್ಕಿಯಲ್ಲಿ ಎರಡು ಹಕ್ಕುದಾರರಿದ್ದಾರೆ: 8 ಮತ್ತು 127. ಎಂಟು ಎಂದರೆ ಒಂದು ಸ್ಥಾನ ಹಿಂದೆ ಸರಿ ಎಂದಷ್ಟೇ. 127 ಬಂದದ್ದು ಕಾಗದದ ಪಟ್ಟಿಯ ಕಾಲದಿಂದ. ತಪ್ಪಾಗಿ ಕೊರೆದ ಅಕ್ಷರದ ಏಳೂ ಜಾಗದಲ್ಲಿ ತೂತು ಹೊಡೆದರೆ ಅದು ರದ್ದಾದಂತೆ. ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್‌ನಲ್ಲಿ ಇವೆರಡಕ್ಕೂ ಬೇರೆಬೇರೆ ಕೀಲಿಗಳಿದ್ದವು. 1983ರ ವಿಟಿ220ರಲ್ಲಿ ಎಡಕ್ಕೆ ಅಳಿಸುವ ಕೀಲಿ 127 ಕಳಿಸಿತು, ‘ರಿಮೂವ್’ ಎಂಬ ಇನ್ನೊಂದು ಕೀಲಿ ಎಸ್ಕೇಪ್ ಸಂಕೇತದ ಬೆನ್ನಿಗೆ [3~ ಎಂದು ಕಳಿಸಿತು. ಇಂದಿನ ಡಿಲೀಟ್ ಕೀಲಿಗೆ ಸಿಕ್ಕಿರುವುದು ಅದೇ ಸರಣಿ. ಡೆಬಿಯನ್ ತನ್ನ ನೀತಿಪುಸ್ತಕದಲ್ಲಿ ಒಪ್ಪಿಕೊಂಡಿರುವ ಏರ್ಪಾಡೂ ಇದೇ: ಬ್ಯಾಕ್‌ಸ್ಪೇಸ್‌ಗೆ 127, ಡಿಲೀಟ್‌ಗೆ ಆ ಸರಣಿ, ಕಂಟ್ರೋಲ್-ಎಚ್ ಸಹಾಯಕ್ಕೆ ಮೀಸಲು. ಇದನ್ನೇ ಗುರಿಯಾಗಿ ಇಟ್ಟುಕೊಳ್ಳಿ.

ಏನನ್ನಾದರೂ ಬದಲಿಸುವ ಮೊದಲು ನೋಡಬೇಕು. ಕಂಟ್ರೋಲ್-ವಿ ಒತ್ತಿ, ಬಳಿಕ ಬ್ಯಾಕ್‌ಸ್ಪೇಸ್ ಒತ್ತಿ. ^? ಬಂದರೆ 127, ಕ್ಯಾರೆಟ್ ಜೊತೆ ಎಚ್ ಬಂದರೆ 8. ಡಿಲೀಟ್ ಒತ್ತಿದಾಗ ^[[3~ ಬರಬೇಕು. ನಂತರ ಎಸ್‌ಟಿಟಿವೈ ಆಜ್ಞೆಯನ್ನು ಮೈನಸ್-ಎ ಆಯ್ಕೆಯೊಂದಿಗೆ ಓಡಿಸಿ ‘ಇರೇಸ್’ ಎದುರು ಏನಿದೆ ನೋಡಿ. ಅದು ಕರ್ನಲ್ ಕಾಯುತ್ತಿರುವ ಸಂಖ್ಯೆ. ಬ್ಯಾಶ್ ಬಳಸುವ ರೀಡ್‌ಲೈನ್ 8 ಮತ್ತು 127 ಎರಡನ್ನೂ ಅಳಿಸುವಿಕೆ ಎಂದೇ ತೆಗೆದುಕೊಳ್ಳುವುದರಿಂದ ದೋಷ ಅಲ್ಲಿ ಮುಚ್ಚಿಹೋಗುತ್ತದೆ. ಹೀಗಾಗಿ ಪರೀಕ್ಷೆಗೆ ಕ್ಯಾಟ್ ಮೇಲು.

ಟರ್ಮಿನಲ್ ಕಳಿಸುವ ಸಂಖ್ಯೆಯೂ ಕರ್ನಲ್ ಕಾಯುತ್ತಿರುವ ಸಂಖ್ಯೆಯೂ ಹೊಂದದಿದ್ದರೆ ಟರ್ಮಿನಲ್ ಅನ್ನೇ ತಿದ್ದಿ. ಪುಟ್ಟಿಯ ಕೀಬೋರ್ಡ್ ಪುಟದಲ್ಲಿ ಇದಕ್ಕೆ ನೇರ ಆಯ್ಕೆಯಿದೆ. ಎಸ್‌ಟಿಟಿವೈ ಮೂಲಕ ‘ಇರೇಸ್’ ಅನ್ನು 8ಕ್ಕೆ ಬದಲಿಸಿದರೆ ಕ್ಯಾಟ್ ಸರಿಹೋದೀತು, ಆದರೆ ಕಂಟ್ರೋಲ್-ಎಚ್ ಸಹಾಯಕ್ಕೆ ಮೀಸಲಾಗಿ ಉಳಿಯುವುದಿಲ್ಲ. ಒಂದೊಂದು ಪ್ರೋಗ್ರಾಮ್‌ಗೂ ಒಂದೊಂದು ತೇಪೆ ಹಾಕುತ್ತ ಹೋದರೆ ಕೊನೆಗೆ ಯಾವ ತೇಪೆ ಎಲ್ಲಿದೆ ಎಂಬುದೇ ತಿಳಿಯದಾಗುತ್ತದೆ.

ಹೋಮ್, ಎಂಡ್ ಮತ್ತು ಬಾಣದ ಕೀಲಿಗಳದು ಬೇರೆ ಕಥೆ. ಹೋಮ್ ಒತ್ತಿದಾಗ ಲಿನಕ್ಸ್ ಕನ್ಸೋಲ್ ಒಂದು ಸರಣಿ ಕಳಿಸಿದರೆ ಎಕ್ಸ್‌ಟರ್ಮ್ ಇನ್ನೊಂದನ್ನು ಕಳಿಸುತ್ತದೆ. ಯಾವ ಟರ್ಮಿನಲ್ ಏನು ಕಳಿಸುತ್ತದೆ ಎಂಬ ವಿವರ ಟರ್ಮ್‌ಇನ್ಫೋ ಕೋಶದಲ್ಲಿದೆ; ಅದರಲ್ಲಿ ಯಾವ ನಮೂದನ್ನು ಓದಬೇಕೆಂದು ಹೇಳುವುದು ‘ಟರ್ಮ್’ ಎಂಬ ಪರಿಸರ ಚರಾಂಶ. ಅದನ್ನು ಶೆಲ್‌ನ ಆರಂಭಿಕ ಕಡತದಲ್ಲಿ ಒತ್ತಾಯದಿಂದ ಎಕ್ಸ್‌ಟರ್ಮ್ ಎಂದು ಬರೆದಿಡುವ ಅಭ್ಯಾಸ ಬಿಡಿ. ಟಿಮಕ್ಸ್‌ನ ಒಳಗಿದ್ದಾಗ ಆ ಹೆಸರು ಸುಳ್ಳಾಗುತ್ತದೆ. ಟರ್ಮಿನಲ್ ತಾನೇ ತನ್ನ ಹೆಸರು ಹೇಳಲಿ. ಆಮೇಲೂ ಯಾವುದಾದರೂ ಕೀಲಿ ತಪ್ಪಿದರೆ ಹೋಮ್ ಫೋಲ್ಡರ್‌ನ ಇನ್‌ಪುಟ್‌ಆರ್‌ಸಿ ಕಡತದಲ್ಲಿ ಅದರ ಸರಣಿಗೆ ಕೆಲಸವನ್ನು ಜೋಡಿಸಿ. ಬ್ಯಾಶ್, ಜಿಡಿಬಿಯಂಥ ರೀಡ್‌ಲೈನ್ ಬಳಕೆದಾರರೆಲ್ಲ ಇದನ್ನು ಓದುತ್ತಾರೆ. ಝಡ್‌ಶೆಲ್ ಓದುವುದಿಲ್ಲ, ಅದಕ್ಕೆ ತನ್ನದೇ ಬೈಂಡ್‌ಕೀ ಆಜ್ಞೆಯಿದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಸ್ವಿಚ್ ನೋಡಲೇಬೇಕು. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ 3 ಬೈಟು. ‘ಕ್ಷ’ಕ್ಕೆ ಕ, ಹಲಂತ ಚಿಹ್ನೆ, ಷ ಸೇರಿ 9 ಬೈಟು. ಎಸ್‌ಟಿಟಿವೈ ಪಟ್ಟಿಯಲ್ಲಿ ಐಯುಟಿಎಫ್8 ಎಂಬುದರ ಹಿಂದೆ ಮೈನಸ್ ಗುರುತಿದ್ದರೆ ಅದು ಆರಿದೆ ಎಂದರ್ಥ. ಆಗ ಕರ್ನಲ್ ಒಮ್ಮೆಗೆ ಒಂದೇ ಬೈಟು ಅಳಿಸುತ್ತದೆ. ಪರದೆಯಲ್ಲಿ ಅಕ್ಷರ ಮಾಯವಾದರೂ ಮುರಿದ ಎರಡು ಬೈಟುಗಳು ಒಳಗೇ ಉಳಿಯುತ್ತವೆ. ಸ್ವಿಚ್ ಹಾಕಿದ ಮೇಲೂ ‘ಕ್ಷ’ ಅಳಿಸಲು ಮೂರು ಸಲ ಒತ್ತಬೇಕು, ಏಕೆಂದರೆ ಕರ್ನಲ್‌ಗೆ ಒತ್ತಕ್ಷರ ತಿಳಿಯದು. ಪರೀಕ್ಷಿಸಲು ಕ್ಯಾಟ್‌ನ ಹೊರಹರಿವನ್ನು ಬೈಟು ಎಣಿಸುವ ಡಬ್ಲ್ಯುಸಿಗೆ ಪೈಪ್ ಮಾಡಿ, ‘ಕ’ ಬರೆದು ಒಮ್ಮೆ ಅಳಿಸಿ, ಎಂಟರ್ ಹಾಗೂ ಕಂಟ್ರೋಲ್-ಡಿ ಒತ್ತಿ. ಉತ್ತರ 1 ಬಂದರೆ ಸರಿ. 3 ಬಂದರೆ ಸ್ವಿಚ್ ಆರಿದೆ.