ಚಕ್ರದ ಮುಚ್ಚಳ: ಅಂದವೂ ಅನನುಕೂಲವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಎತ್ತಿನ ಗಾಡಿ ಹೂಡುತ್ತಿದ್ದವನು ಹೊರಡುವ ಮುನ್ನ ಕಡಾಣಿಯನ್ನೊಮ್ಮೆ ನೋಡಿಕೊಳ್ಳುತ್ತಿದ್ದನು. ಅದು ಕಳಚಿದರೆ ಚಕ್ರವೇ ಕಳಚುವುದೆಂಬುದನ್ನು ಅವನು ಬಲ್ಲನು. ಮೋಟಾರು ಗಾಡಿಯಲ್ಲಿ ಆ ಕೆಲಸವನ್ನು ಮಾಡುವವು ಚಕ್ರದ ನಾಲ್ಕೈದು ನಟ್ಟುಗಳು. ನಾವಾದರೋ ಅಂದಕ್ಕೆಂದು ಅವುಗಳ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಹೊದಿಸುತ್ತೇವೆ.

ನಟ್ಟು ಸಡಿಲವಾದಾಗ ಅದರ ಸುತ್ತ ತುಕ್ಕಿನ ಗೆರೆ ಮೂಡುವುದುಂಟು. ಮುಚ್ಚಳವು ಈ ಸೂಚನೆಯನ್ನು ಮರೆಮಾಡುತ್ತದೆ. ಮಣ್ಣುದಾರಿಯ ಕೆಸರು ಒಳಗೆ ಸೇರಿ ಒಂದೇ ಕಡೆ ಒಣಗಿದರೆ ಚಕ್ರದ ಸಮತೂಕ ತಪ್ಪಿ, ವೇಗ ಹೆಚ್ಚಿದಾಗ ಗಾಡಿ ನಡುಗುವುದು. 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ನೆಲೆಯಾದ ಪಾವಗಡದ ಬಿಸಿಲು ಮುಚ್ಚಳದ ಕೊಂಡಿಗಳನ್ನೂ ಪೆಡಸು ಮಾಡುತ್ತದೆ. ಅಂತಹ ಮುಚ್ಚಳವು ಗುಂಡಿಯ ಕುಲುಕಿಗೆ ಹಾರಬಹುದು. ಶಿರಾದ ಮೂಲಕ ಸಾಗುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಾಗಾದರೆ ಹಿಂದೆ ಬರುವ ದ್ವಿಚಕ್ರ ಸವಾರನಿಗೆ ಪ್ರಾಣಾಪಾಯ.

ಮುಚ್ಚಳದಿಂದ ಪ್ರಯೋಜನವೇ ಇಲ್ಲವೆನ್ನಲಾಗದು. ಉಕ್ಕಿನ ಚಕ್ರಕ್ಕೆ ಅದು ಧೂಳಿನಿಂದ ತಕ್ಕಮಟ್ಟಿನ ರಕ್ಷೆ. ಆದುದರಿಂದ ತಿಂಗಳಿಗೊಮ್ಮೆಯಾದರೂ ಅದನ್ನು ತೆಗೆದು, ತೊಳೆದು, ನಟ್ಟುಗಳನ್ನು ಪರೀಕ್ಷಿಸೋಣ. ಚಕ್ರವನ್ನು ಬದಲಿಸಿದಲ್ಲಿ, ಸುಮಾರು 100 ಕಿಲೋಮೀಟರು ಓಡಿದ ಬಳಿಕ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡತಕ್ಕದ್ದು. ಕೊಂಡಿ ಮುರಿದ ಮುಚ್ಚಳವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು.