ಅಡುಗೆಮನೆಯ ಹಸಿ ಕಸ ಮತ್ತು ನೆರೆಯವರ ಹಕ್ಕು

ಶುಚಿತ್ವವು ಈಮಾನಿನ ಅರ್ಧಭಾಗವೆಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಸದಕಾ ಎಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆದರೂ ಮೀನಿನ ತಲೆ, ಹಣ್ಣಿನ ಸಿಪ್ಪೆ, ಉಳಿದ ಅನ್ನವನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಗೇಟಿನ ಹೊರಗಿಟ್ಟರೆ ಮನೆ ಶುಚಿಯಾಯಿತೆಂದು ಭಾವಿಸುತ್ತೇವೆ. ಆ ಗಂಟು ಹೋಗುವುದೆಲ್ಲಿಗೆ?

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ, ತಗ್ಗಿನಲ್ಲಿದ್ದ ಮಂದಾರಕ್ಕೆ ನುಗ್ಗಿತು. ಮನೆಗಳು, ಅಡಿಕೆ-ತೆಂಗಿನ ತೋಟಗಳು ಕಸದಡಿ ಸೇರಿದವು. ಕುಟುಂಬಗಳು ಮನೆ ಬಿಡಬೇಕಾಯಿತು. ಆ ರಾಶಿ ಬೆಳೆದದ್ದು ಊರಿನ ಮನೆಮನೆಯ ಗಂಟುಗಳಿಂದಲೇ. ನೆರೆಯವರ ಹಕ್ಕು ನಮ್ಮ ಕಾಂಪೌಂಡ್ ಗೋಡೆಯಾಚೆಗೆ ಅಷ್ಟು ದೂರವೂ ಹೋಗುತ್ತದೆ.

ಹಸಿ ಕಸ ನಾರಲು ಕಾರಣ ಗಾಳಿಯ ಕೊರತೆ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುವಾಗ ಮೀಥೇನ್ ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಹುಟ್ಟುತ್ತದೆ. ಗಾಳಿಯಾಡಿದರೆ ಬೇರೆ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದು, ಹಸಿ ಮಣ್ಣಿನ ಪರಿಮಳದ ಗೊಬ್ಬರ ಉಳಿಯುತ್ತದೆ. ಇವುಗಳಿಗೆ ಸಾರಜನಕ ಒಂದು ಪಾಲಾದರೆ ಇಂಗಾಲ ಸುಮಾರು 30 ಪಾಲು ಬೇಕು. ಅಡುಗೆಮನೆಯ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು. ಇಂಗಾಲ ಹೆಚ್ಚಿರುವುದು ತರಗೆಲೆ, ಮರದ ಹುಡಿ, ತೆಂಗಿನ ನಾರಿನ ಪುಡಿಯಲ್ಲಿ. ಹಾಗಾಗಿ ಇವೆರಡನ್ನೂ ಬೆರೆಸಬೇಕು.

ಫ್ಲ್ಯಾಟಿನಲ್ಲಿರುವವರಿಗೆ ತೂತುಗಳಿರುವ ಎರಡು ಮಣ್ಣಿನ ಮಡಕೆಗಳು ಸಾಕು. ತಳಕ್ಕೆ ತರಗೆಲೆ ಹಾಸಿ, ದಿನದ ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿ, ಅಷ್ಟೇ ಪ್ರಮಾಣದ ಒಣ ವಸ್ತುವಿನಿಂದ ಮುಚ್ಚಿ. ವಾರಕ್ಕೆರಡು ಸಲ ಕೆದಕಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ, ಅಥವಾ ವಾಸನೆ ಬಂದರೆ, ಒಣ ಹುಡಿ ಸೇರಿಸಿ. ರಮಝಾನಿನಲ್ಲಿ ಇಫ್ತಾರಿನ ಕಲ್ಲಂಗಡಿ ಸಿಪ್ಪೆಯೇ ದೊಡ್ಡ ತಲೆನೋವು. ಅದರಲ್ಲಿರುವುದು ಬಹುಪಾಲು ನೀರು. ಒಂದು ದಿನ ಬಿಸಿಲಲ್ಲಿ ಬಾಡಿಸಿ ಹಾಕಿದರೆ ಒಳ್ಳೆಯದು. ಹುಳು ಕಂಡು ಗಾಬರಿಯಾಗಬೇಡಿ, ಅವೂ ಕಸವನ್ನು ತಿಂದು ಕರಗಿಸುತ್ತವೆ. ಮೊದಲ ಮಡಕೆ ತುಂಬಿದ ಮೇಲೆ ಎರಡನೆಯದನ್ನು ಶುರು ಮಾಡಿ. ಎರಡು-ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ.

ಮೀನು, ಮಾಂಸವನ್ನು ಮಡಕೆಗೆ ಹಾಕಬೇಡಿ. ಇಲಿ, ಬೆಕ್ಕುಗಳು ಬರುತ್ತವೆ. ಹಿತ್ತಿಲಿದ್ದವರು ತೆಂಗಿನ ಬುಡದಿಂದ ಸ್ವಲ್ಪ ದೂರದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತರೆ ನಾಯಿ ಕೆದಕುವುದಿಲ್ಲ. ಹಿತ್ತಿಲಿಲ್ಲದವರು ಪ್ಲಾಸ್ಟಿಕ್ ಚೀಲವಿಲ್ಲದೆ ಹಸಿ ಕಸದ ಬಕೆಟ್ಟಿಗೇ ಹಾಕಲಿ. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸುವುದನ್ನು 2016ರ ಘನತ್ಯಾಜ್ಯ ನಿಯಮಗಳು ಕಡ್ಡಾಯಗೊಳಿಸಿದವು.

ದಿನವೂ ದೊಡ್ಡ ಅಡುಗೆ ನಡೆಯುವ ಮದ್ರಸ ಹಾಸ್ಟೆಲ್‌ಗಳಿಗೆ ಬಯೋಗ್ಯಾಸ್ ಸೂಕ್ತ. ಇಲ್ಲಿ ಗಾಳಿಯಿಲ್ಲದ ಕೊಳೆಯುವಿಕೆಯನ್ನೇ ಮುಚ್ಚಿದ ತೊಟ್ಟಿಯೊಳಗೆ ನಡೆಸಿ, ಮೀಥೇನನ್ನು ಒಲೆಗೆ ಹರಿಸುತ್ತಾರೆ. ಆರಂಭಕ್ಕೆ ಸಗಣಿ ಬೇಕು. ನಂತರ ಉಳಿದ ಅನ್ನ, ಸಾರು, ಮೀನಿನ ಚೂರುಗಳನ್ನೂ ನೀರಿನೊಂದಿಗೆ ಅರೆದು ಹಾಕಬಹುದು. ಎಲುಬು, ಮೊಟ್ಟೆಯ ಚಿಪ್ಪು, ತೆಂಗಿನ ಸಿಪ್ಪೆ ಬೇಡ. ಮದುವೆಯೂಟದಲ್ಲಿ ಮಿಕ್ಕ ಬಿರಿಯಾನಿಯನ್ನು ಒಂದೇ ದಿನ ಸುರಿದರೆ ತೊಟ್ಟಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಬಿದ್ದ ತುತ್ತನ್ನೂ ಎತ್ತಿ ಶುಚಿಗೊಳಿಸಿ ತಿನ್ನಲು ಕಲಿಸಿದ ಪ್ರವಾದಿ(ಸ)ರ ಸಮುದಾಯದಲ್ಲಿ ಅಷ್ಟು ಬಿರಿಯಾನಿ ತೊಟ್ಟಿಯವರೆಗೆ ಬರುವುದೇಕೆ ಎಂಬುದು ಬೇರೆಯೇ ಪ್ರಶ್ನೆ. ತೊಟ್ಟಿಯಿಂದ ಹೊರಬರುವ ದ್ರವಕ್ಕೆ ನೀರು ಬೆರೆಸಿ ಬಾಳೆ, ತೆಂಗಿಗೆ ಹಾಕಬಹುದು.