ಅರಿಷಿಣದ ಸುಳಿ ಒಣಗಿಸೋ ಹುಳ ಯಾವುದು? ಹೆಸರು ತಪ್ಪಿದರೆ ರೊಕ್ಕಾನೂ ಹೋಗತೈತಿ

ಚಿಕ್ಕೋಡಿ: "ಸುಳಿಗೆ ಹುಳ ಬಿದ್ದೈತ್ರಿ, ಏನರ ಚಲೋ ಔಷಧ ಕೊಡ್ರಿ." ಮಳೆಗಾಲ ಶುರುವಾದರೆ ಗೊಬ್ಬರದ ಅಂಗಡಿಗಳಲ್ಲಿ ದಿನಾ ಕೇಳಿಬರುವ ಮಾತಿದು. ಯಾವ ಹುಳ ಅಂತ ಅಂಗಡಿಯವರೂ ಕೇಳೋದು ಕಡಿಮೆ, ರೈತರೂ ಹೇಳೋದು ಕಡಿಮೆ. ಆದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹುಳ ಬೇರೆ ಬೇರೆ ಜಾತಿಯವಾಗಿರಬಹುದು. ಸಹ್ಯಾದ್ರಿಯ ಯಾಲಕ್ಕಿ ತೋಟದ ಒಂದು ಸಣ್ಣ ಪತಂಗ ಇದನ್ನು ತೋರಿಸಿಕೊಟ್ಟಿದೆ.

ಒಂದು ಹೆಸರು, ಎರಡು ಪತಂಗ

ಹಳದಿ ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕಿ, ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಇಂಚು. 1854ರಲ್ಲಿ ಫ್ರಾನ್ಸಿನ ಗೆನೆ ಎಂಬ ವಿಜ್ಞಾನಿ ಇಂಥ ಪತಂಗವೊಂದಕ್ಕೆ 'ಪಂಕ್ಟಿಫೆರಾಲಿಸ್' ಅಂತ ಹೆಸರಿಟ್ಟರು. ಚುಕ್ಕಿ ಹೊತ್ತದ್ದು ಎಂಬ ಅರ್ಥ. ಔಡಲದ ಕಾಯಿ, ಪೇರಲ, ದಾಳಿಂಬೆ ಕೊರೆಯುವ ಹುಳ ಇದರ ಮರಿ. ಯಾಲಕ್ಕಿ ಕಾಂಡ ಮತ್ತು ಕಾಯಿ ಕೊರೆಯುವ ಹುಳಕ್ಕೂ ಬಹಳ ವರ್ಷ ಇದೇ ಹೆಸರು ನಡೆಯಿತು.

ಔಡಲದ ಹುಳ ಬೇರೆ, ಯಾಲಕ್ಕಿ ಹುಳ ಬೇರೆ ಇರಬಹುದು ಎಂಬ ಅನುಮಾನ ಕೀಟ ವಿಜ್ಞಾನಿಗಳಿಗೆ ಮೊದಲೇ ಇತ್ತು. ಕೊನೆಗೆ 2018ರಲ್ಲಿ ಪಿ.ಆರ್. ಶಶಾಂಕ್, ವಾಸುದೇವ ಕಮ್ಮಾರ, ರಿಚರ್ಡ್ ಮಲ್ಲಿ ಮತ್ತು ಎ.ಕೆ. ಚಕ್ರವರ್ತಿ ಅವರು 'ಝೂಟಾಕ್ಸಾ' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಯಾಲಕ್ಕಿಯ ಪತಂಗವನ್ನು ಹೊಸ ಪ್ರಭೇದ ಎಂದು ಪ್ರಕಟಿಸಿದರು. ಇಟ್ಟ ಹೆಸರು 'ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್'. ಅಂದರೆ ಸಹ್ಯಾದ್ರಿಯದ್ದು.

ಹೊಸದು ಅಂತ ಹೇಗೆ ಗೊತ್ತಾಗುತ್ತದೆ?

ರೆಕ್ಕೆಯ ಬಣ್ಣ ನೋಡಿ ತೀರ್ಮಾನ ಮಾಡೋಕೆ ಬರಂಗಿಲ್ಲ. ಬಣ್ಣ ಮಾಸುತ್ತದೆ, ಚುಕ್ಕಿ ಹೆಚ್ಚುಕಡಿಮೆ ಆಗುತ್ತವೆ. ಅದಕ್ಕೇ ಮೊದಲು ಹುಳವನ್ನು ಅದು ತಿನ್ನುವ ಗಿಡದ ಸಮೇತ ತಂದು ಸಾಕಿ, ಪತಂಗ ಹೊರಬರುವ ತನಕ ಕಾಯುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಪತಂಗದ ಜನನಾಂಗದ ರಚನೆ ನೋಡುತ್ತಾರೆ. ಬಹಳಷ್ಟು ಪತಂಗಗಳಲ್ಲಿ ಇದು ಪ್ರಭೇದಕ್ಕೊಂದು ಥರ ಇರುತ್ತದೆ. ಜೊತೆಗೆ ಡಿಎನ್‌ಎ ಹೋಲಿಸುತ್ತಾರೆ, ಹಿಂದೆ ಹೆಸರಿಟ್ಟ ಹತ್ತಿರದ ಪ್ರಭೇದಗಳ ವಿವರದ ಜೊತೆ ತಾಳೆ ನೋಡುತ್ತಾರೆ.

ಎಲ್ಲೂ ತಾಳೆ ಆಗದಿದ್ದರೆ ಮಾತ್ರ ಹೊಸ ಹೆಸರು. ಆಗ ಒಂದು ಪತಂಗವನ್ನು ಮಾದರಿಯೆಂದು ಆರಿಸಿ ಸಂಗ್ರಹಾಲಯದಲ್ಲಿ ಇಡಬೇಕು. ಸಿಕ್ಕ ಊರು, ದಿನ, ಗಿಡ ಎಲ್ಲಾ ಬರೆದು ಪ್ರಕಟಿಸಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಆ ಮಾದರಿಯನ್ನು ತೆಗೆದು ನೋಡಬಹುದು.

ಹೊಸ ಪ್ರಭೇದ ಬೇರೆ, ಹೊಸದಾಗಿ ಬಂದದ್ದು ಬೇರೆ

ಅದೇ 2018ರಲ್ಲಿ ಶಿವಮೊಗ್ಗ ಕಡೆ ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳ ಕಾಣಿಸಿಕೊಂಡು ದೇಶದ ತುಂಬ ಸುದ್ದಿ ಆಯಿತು. ಅದು ಹೊಸ ಪ್ರಭೇದ ಅಲ್ಲ. ಅದಕ್ಕೆ 1797ರಲ್ಲೇ ಹೆಸರಿಟ್ಟಾಗಿತ್ತು, ಮೂಲ ಅಮೆರಿಕ ಖಂಡ. ಇಲ್ಲಿಗೆ ಮಾತ್ರ ಹೊಸದು. ಯಾಲಕ್ಕಿ ಪತಂಗದ ಕಥೆ ಇದಕ್ಕೆ ಉಲ್ಟಾ. ಅದು ಇಲ್ಲೇ ಇತ್ತು, ತನ್ನದೇ ಆದ ಹೆಸರು ಇರಲಿಲ್ಲ ಅಷ್ಟೇ.

ಅರಿಷಿಣಕ್ಕೂ ಇದಕ್ಕೂ ಏನು ಸಂಬಂಧ?

ಅರಿಷಿಣ, ಶುಂಠಿ, ಯಾಲಕ್ಕಿ ಮೂರೂ ಒಂದೇ ಕುಟುಂಬದ ಗಿಡ. ಅರಿಷಿಣದ ಕಾಂಡ ಕೊರೆಯುವ ಹುಳಕ್ಕೂ ಕೃಷಿ ಪುಸ್ತಕಗಳಲ್ಲಿ ಇರುವುದು ಔಡಲದ ಹುಳದ ಹಳೇ ಹೆಸರೇ. ಸಾಂಗ್ಲಿ ಪೇಟೆಗೆ ಅರಿಷಿಣ ಕಳಿಸುವ ರೈತರು ಯಾಲಕ್ಕಿಯ ಈ ಸುದ್ದಿಯನ್ನು ಮಲೆನಾಡಿನ ಸುದ್ದಿ ಅಂತ ಬಿಡಬಾರದು.

ಮುಖ್ಯವಾಗಿ ಮೋಹಕ ಬಲೆ ಹಾಕುವವರು ಇದನ್ನು ಗಮನಿಸಬೇಕು. ಬಲೆಯೊಳಗಿನ ಲ್ಯೂರ್‌ನಲ್ಲಿ ಹೆಣ್ಣು ಪತಂಗದ ವಾಸನೆಯಂಥ ರಾಸಾಯನಿಕ ಇರುತ್ತದೆ, ಅದಕ್ಕೆ ಗಂಡು ಬಂದು ಬೀಳುತ್ತದೆ. ಈ ವಾಸನೆ ಸಾಮಾನ್ಯವಾಗಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಒಂದರ ಲ್ಯೂರ್ ಇನ್ನೊಂದನ್ನು ಸೆಳೆಯದೇ ಹೋದರೆ ಬಲೆ ಖಾಲಿ ಉಳಿಯುತ್ತದೆ. ಹೊಲದಾಗ ಹುಳಾನೇ ಇಲ್ಲ ಅಂತ ರೈತ ಸುಮ್ಮನಾಗುತ್ತಾನೆ, ಒಳಗೆ ಕಾಂಡ ಟೊಳ್ಳಾಗುತ್ತಿರುತ್ತದೆ.

ರೈತರು, ಅಂಗಡಿಯವರು ಮಾಡಬೇಕಾದ್ದು

* ಅರಿಷಿಣದ ಸುಳಿ ಹಳದಿಯಾಗಿ ಒಣಗಿ, ಕಾಂಡದ ತೂತಿನಿಂದ ಹಿಕ್ಕೆ ಹೊರಬಂದಿದ್ದರೆ ಒಳಗೆ ಹುಳ ಇದೆ ಅಂತಲೇ ತಿಳಿಯಬೇಕು.
* ಅಂಥ ಕಾಂಡ ಕತ್ತರಿಸಿ, ಗಾಳಿ ಆಡುವ ಡಬ್ಬಿಯಲ್ಲಿ ಹಾಕಿ. ಹುಳವನ್ನು ಹೊಸಕಬೇಡಿ. ಊರು, ಬೆಳೆ, ದಿನಾಂಕ ಚೀಟಿಯಲ್ಲಿ ಬರೆದಿಡಿ.
* ಅದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಅರಭಾವಿಯ ತೋಟಗಾರಿಕೆ ಕಾಲೇಜಿನವರಿಗೆ ತೋರಿಸಿ. ಆಮೇಲೆ ಔಷಧ ಖರೀದಿಸಿ.
* ಅಂಗಡಿಯವರು ಲ್ಯೂರ್ ಮಾರುವಾಗ ಯಾವ ಬೆಳೆಯ ಯಾವ ಹುಳಕ್ಕೆ ಎಂಬುದನ್ನು ಪಾಕೀಟಿನ ಮೇಲೆ ನೋಡಿ ಹೇಳಬೇಕು. 'ಎಲ್ಲಾ ಹುಳಕ್ಕೂ ನಡೀತೈತಿ' ಅನ್ನುವ ಮಾತು ಲ್ಯೂರ್‌ಗೆ ಹೊಂದುವುದಿಲ್ಲ.
* ಉಳಿದ ಹುಳ ಬಿದ್ದ ಕಾಂಡಗಳನ್ನು ಬದುವಿಗೆ ಬಿಸಾಕದೆ ನಾಶ ಮಾಡಿ. ಬಿಟ್ಟರೆ ಅದರಿಂದಲೇ ಪತಂಗ ಎದ್ದು ಮತ್ತೆ ಹೊಲಕ್ಕೆ ಬರುತ್ತದೆ.